ನ್ಯಾನೋ ಸಿಲ್ವರ್ ಹಾಲಿನ ಬಾಟಲಿ: 2 ಸ್ಟಾರ್, ಅದೂ ಹಿಡಿತಕ್ಕೆ

ಬಾಟಲಿ ಚೆನ್ನಾಗಿದೆ, ಹಿಡಿಯೋಕೆ ಸಲೀಸು, ನಿಪ್ಪಲ್ ಮೆತ್ತಗಿದೆ. ತಕರಾರಿರುವುದು ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುವ ‘ನ್ಯಾನೋ ಸಿಲ್ವರ್’ ಬಗ್ಗೆ, ಅಂದರೆ ಬ್ಯಾಕ್ಟೀರಿಯಾ ಕೊಲ್ಲಲೆಂದು ಸೇರಿಸುವ ಬೆಳ್ಳಿಯ ಅತಿ ಸಣ್ಣ ಕಣಗಳ ಬಗ್ಗೆ. ಬೆಳ್ಳಿ ಎಷ್ಟಿದೆ, ಬಿಸಿ ಹಾಲಿಗೆ ಎಷ್ಟು ಬಿಡುತ್ತದೆ, ಒಂದಕ್ಷರ ಇಲ್ಲ. 100 ನ್ಯಾನೋಮೀಟರ್‌ಗಿಂತ ಸಣ್ಣ ಈ ಕಣಗಳು ಬೆಳ್ಳಿಯ ಅಯಾನು (ವಿದ್ಯುದಾವೇಶ ಇರುವ ಬೆಳ್ಳಿಯ ಪರಮಾಣು) ಬಿಡುತ್ತವೆ, ಬ್ಯಾಕ್ಟೀರಿಯಾ ಸಾಯುವುದು ಮುಖ್ಯವಾಗಿ ಅದರಿಂದಲೇ, ಆದರೆ ಜಾಸ್ತಿಯಾದರೆ ಅದು ನರಕೋಶಕ್ಕೂ ವಿಷ. ಬಸುರಿ ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮರಿಗಳ ಮೆದುಳಿನಲ್ಲೂ ಬೆಳ್ಳಿ ಸಿಕ್ಕಿದೆ. ಅಲ್ಲಿ ಕೊಡುವ ಪ್ರಮಾಣ ದೊಡ್ಡದು, ಸುಮ್ನೆ ಹೆದರಿಸುವುದು ಬೇಡ. ಆದರೂ ಮೆದುಳು ಇನ್ನೂ ಬೆಳೆಯುತ್ತಿರುವ ಕೂಸಿಗೆ ಇದೆಲ್ಲ ಯಾಕೆ, ಬಾಟಲಿ ತೊಳೆದು ನೀರಲ್ಲಿ ಕುದಿಸಿದರೆ ಸಾಕಲ್ವಾ? ಕಸ್ಟಮರ್ ಕೇರ್‌ನವರು ‘ಪೂರ್ತಿ ಸೇಫ್ ಮೇಡಂ’ ಅಂದರು, ಟೆಸ್ಟ್ ರಿಪೋರ್ಟ್ ಮಾತ್ರ ಕಳಿಸಲಿಲ್ಲ. ಸ್ಟೀಲಿನದೋ ಗಾಜಿನದೋ ತಗೊಳ್ಳಿ.