ಹಾಳೆ ತಟ್ಟೆ, ಮುತ್ತುಗದ ಎಲೆ, ಬಾಡಿಗೆಯ ಸ್ಟೀಲು: ಮೂರು ಊಟಗಳ ಲೆಕ್ಕ

ಒಂದೂವರೆ ವರ್ಷದೊಳಗೆ ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಸಮಾರಂಭಗಳು ನಡೆದವು: ತಂಗಿಯ ಮಗುವಿನ ನಾಮಕರಣ, ಸತ್ಯನಾರಾಯಣ ಪೂಜೆ ಮತ್ತು ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬ. ಬಡಿಸುವುದು ಯಾವುದರಲ್ಲಿ ಎಂಬ ಪ್ರಶ್ನೆಗೆ ಪ್ರತಿ ಸಲವೂ ಬೇರೆ ಉತ್ತರವನ್ನು ಪರೀಕ್ಷಿಸಿ ನೋಡಿದೆವು. ಬೆಳ್ಳಿಬಣ್ಣದ ಅಗ್ಗದ ಕಾಗದದ ತಟ್ಟೆಯನ್ನು ಮೊದಲೇ ಕೈಬಿಟ್ಟಿದ್ದೆವು. ಹೆಸರಿಗೆ ಕಾಗದವಾದರೂ ಅದರ ಮೇಲೆ ಪ್ಲಾಸ್ಟಿಕ್ಕಿನ ತೆಳುಪದರವಿರುವುದರಿಂದ ಅದು ಹಸಿ ಕಸಕ್ಕೆ ಸೇರದು. ಎಂಜಲು ಮೆತ್ತಿಕೊಂಡ ಮೇಲೆ ಒಣ ಕಸದವರಿಗೂ ಬೇಡ.

ನಾಮಕರಣಕ್ಕೆ ಅಡಿಕೆ ಹಾಳೆಯ ತಟ್ಟೆಗಳನ್ನು ತಂದೆವು. ಹಾಳೆಗಾಗಿ ಮರ ಕಡಿಯಬೇಕಿಲ್ಲ. ಸೋಗೆಯೊಂದಿಗೆ ತಾನಾಗಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧವಾಗುತ್ತದೆ. ತೋಟದ ಕೆಲಸಕ್ಕೆ ಮುಟ್ಟಾಳೆ ಎಂಬ ಟೊಪ್ಪಿ ಮಾಡಿ ತಲೆಗಿಡುತ್ತಿದ್ದ ವಸ್ತು ಇದೇ. ಬಿಸಿ ಸಾರು ಸುರಿದರೂ ಬಾಗಲಿಲ್ಲ, ಸೋರಲಿಲ್ಲ; ಊಟದ ಅನುಕೂಲಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ತಟ್ಟೆಯೊಂದಕ್ಕೆ ಒಂಬತ್ತು ರೂಪಾಯಿ ಬಿತ್ತು, ಸರಿಯಾಗಿ ಒಣಗಿಸದ ಒಂದು ಕಟ್ಟಿಗೆ ಬೂಷ್ಟು ಹಿಡಿದಿತ್ತು. ಮಾಳಿಗೆಯ ಗೊಬ್ಬರದ ಡಬ್ಬಿಗೆ ಹಾಕಿದ ತಟ್ಟೆಗಳು ಮೂರು ತಿಂಗಳಾದರೂ ಗುರುತು ಹಿಡಿಯುವಂತೆಯೇ ಇದ್ದವು. ಚೂರು ಮಾಡಿ ಹಾಕಬೇಕಿತ್ತೆಂದು ಆಮೇಲೆ ತಿಳಿಯಿತು. ಅಡಿಕೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಈ ತಟ್ಟೆಗಳ ವಿರುದ್ಧ ಎಚ್ಚರಿಕೆ ಹೊರಡಿಸಿತು. ವರ್ಷಕ್ಕೊಮ್ಮೆ ಉಣ್ಣುವ ನನಗೆ ಅದರಿಂದ ಭಯವಾಗಲಿಲ್ಲ, ಆದರೆ ಎಳೆಯ ಮಕ್ಕಳಿಗೆ ದಿನನಿತ್ಯ ಅದರಲ್ಲಿ ಬಡಿಸಲು ಈಗ ಮನಸ್ಸು ಬಾರದು.

ಪೂಜೆಗೆ ಮುತ್ತುಗದ ಎಲೆ ತಂದೆವು. ಬೆಲೆ ಎರಡೂವರೆ ರೂಪಾಯಿ, ಮತ್ತು ಆ ಅಗ್ಗವೇ ನನಗೆ ಕಸಿವಿಸಿಯಾಯಿತು. ಎಲೆ ಆಯ್ದು, ಒಣಗಿಸಿ, ಒಂದೊಂದನ್ನೇ ಕಡ್ಡಿಯಿಂದ ಚುಚ್ಚಿ ಹೆಣೆದವರ ಕೈಗೆ ಅದರಲ್ಲಿ ಎಷ್ಟು ಸೇರಿದ್ದೀತು? ಅಂಗಡಿಯವರನ್ನು ಕೇಳಿದರೆ ನಕ್ಕರು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡದಿದ್ದರೆ ಎಲೆ ಮುರಿಯುತ್ತದೆ. ಸಾರಿಗೆ ಬೇರೆ ಬಟ್ಟಲು ಇಡದಿದ್ದರೆ ನೆಲವೆಲ್ಲ ಸಾರು. ಮೇಜಿನ ಮೇಲೆ ಉಣ್ಣುವವರಿಗಿಂತ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಇದು ಒಗ್ಗುತ್ತದೆ. ಗೊಬ್ಬರವಾಗುವುದರಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ: ಎರಡು ತಿಂಗಳಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು.

ಹುಟ್ಟುಹಬ್ಬಕ್ಕೆ ಎಂಬತ್ತು ಸ್ಟೀಲು ತಟ್ಟೆ ಮತ್ತು ಲೋಟಗಳನ್ನು ಬಾಡಿಗೆಗೆ ತಂದೆವು. ಒಂದು ಜೊತೆಗೆ ಆರು ರೂಪಾಯಿ ಬಾಡಿಗೆ, ತೊಳೆಯಲು ಬಂದ ಇಬ್ಬರು ಹೆಂಗಸರಿಗೆ ಕೂಲಿ ಬೇರೆ. ಒಟ್ಟು ಖರ್ಚು ಹಾಳೆ ತಟ್ಟೆಯನ್ನೂ ಮೀರಿತು. ಬೇಸಿಗೆಯಾದ್ದರಿಂದ ಟ್ಯಾಂಕರ್ ನೀರಿನ ಚಿಂತೆಯೂ ಇತ್ತು. ನಲ್ಲಿ ಬಿಟ್ಟುಕೊಂಡು ತೊಳೆಯುವ ಬದಲು ಮೂರು ಬಕೆಟ್ಟುಗಳನ್ನು ಸಾಲಾಗಿಟ್ಟು ಒಂದರ ನಂತರ ಒಂದರಲ್ಲಿ ಅದ್ದಿ ತೊಳೆಯುವಂತೆ ಆ ಹೆಂಗಸರೇ ವ್ಯವಸ್ಥೆ ಮಾಡಿದರು. ಕೊನೆಯ ಬಕೆಟ್ಟಿನ ನೀರು ಗಿಡಗಳಿಗೆ ಹೋಯಿತು. ಮರುದಿನ ಬೆಳಿಗ್ಗೆ ಪೌರಕಾರ್ಮಿಕರಿಗೆ ನಾವು ಕೊಟ್ಟದ್ದು ಒಂದೇ ಬಕೆಟ್ ಹಸಿ ಕಸ. ನಾಮಕರಣದ ಮರುದಿನ ಆರು ಚೀಲಗಳನ್ನು ಹೊರಿಸಿದ್ದೆವು.

ನನ್ನ ಆಯ್ಕೆ ಸ್ಟೀಲು, ಆದರೆ ತೊಳೆಯಲು ಜನವೂ ಜಾಗವೂ ಇದ್ದಾಗ ಮಾತ್ರ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ನಡೆಸುವ, ಸಮಾರಂಭಗಳಿಗೆ ಸ್ಟೀಲು ತಟ್ಟೆಗಳನ್ನು ಎರವಲು ಕೊಡುವ ತಟ್ಟೆ ಬ್ಯಾಂಕಿನಂಥ ವ್ಯವಸ್ಥೆ ಬಡಾವಣೆಗೊಂದು ಇದ್ದರೆ ಅಂಗಡಿ ಸುತ್ತುವ ಕೆಲಸವೇ ತಪ್ಪುತ್ತಿತ್ತು. ಅಪ್ಪನ ತಿಥಿಗೆ ಮಾತ್ರ ಮುತ್ತುಗದ ಎಲೆಯೇ ಆಗಬೇಕೆಂದು ಅಮ್ಮ ಹೇಳಿದ್ದಾರೆ. ಇಪ್ಪತ್ತೇ ಜನ, ನೆಲದ ಮೇಲೆ ಪಂಕ್ತಿ, ಸಾರಿಗೆ ಮನೆಯ ಬಟ್ಟಲುಗಳು ಸಾಕಾಗುತ್ತವೆ.