ಕಡಿಮೆ ಖರ್ಚಲ್ಲಿ ಸ್ಪೋರ್ಟ್ಸ್ ವೀಲ್‌ಚೇರ್ ಮಾಡೋರೇ, ಸೀಟಿನ ವಿಷ್ಯದಲ್ಲಿ ನಾನು ಮಾಡಿದ ತಪ್ಪು ಮಾಡ್ಬೇಡಿ

ಹಳೇ ವೀಲ್‌ಚೇರ್ ಕತ್ತರಿಸಿ ವೆಲ್ಡ್ ಮಾಡಿ ಬ್ಯಾಸ್ಕೆಟ್‌ಬಾಲ್ ಆಡೋಕೆ ಚೇರ್ ಮಾಡೋ ಪ್ಲಾನ್ ಇದ್ರೆ ಮೊದ್ಲು ಇದನ್ನ ಓದಿ.

ನನ್ನ ಫ್ರೆಂಡ್‌ಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಮುಟ್ಟಿದ್ರೂ ಗೊತ್ತಾಗಲ್ಲ. ಅವನಿಗೆ ಅಂತ ಒಂದು ಚೇರ್ ಮಾಡಿದೆ. ದೊಡ್ಡ ಚಕ್ರದ ಮೇಲ್ಭಾಗ ಒಳಕ್ಕೆ ಬರೋ ಹಾಗೆ 15 ಡಿಗ್ರಿ ಓರೆ ಮಾಡಿ ಕೂರಿಸಿದ್ರೆ ಗಿರ್ರಂತ ತಿರುಗುತ್ತೆ ಅಂತ ಗೊತ್ತಿತ್ತು, ಆದ್ರೆ ಆಮೇಲೆ ಮುಂದಿನ ಪುಟ್ಟ ಚಕ್ರ ಇನ್ನೂ ಚಿಕ್ಕದು ಹಾಕಿದ್ದಕ್ಕೆ ಫ್ರೇಮ್ ಮುಂದಕ್ಕೆ ವಾಲಿ ದೊಡ್ಡ ಚಕ್ರಗಳ ಮಧ್ಯದ ಅಂತರ ಮುಂದೆ ಒಂದು, ಹಿಂದೆ ಇನ್ನೊಂದು ಆಗಿ ಸೊಟ್ಟ ಆಯ್ತು, ನೇರ ತಳ್ಳಿದ್ರೂ ಬ್ರೇಕ್ ಹಿಡಿದಂಗೆ ಎಳೀತಿತ್ತು. ಆಕ್ಸಲ್ ಎತ್ತರದಲ್ಲಿ ಟೇಪ್ ಹಿಡಿದು ಎರಡು ಚಕ್ರದ ಅಂತರ ಮುಂದೊಮ್ಮೆ ಹಿಂದೊಮ್ಮೆ ಅಳೀರಿ, ಒಂದೇ ಬರ್ಬೇಕು. ಹಿಂದಕ್ಕೆ ಪಲ್ಟಿ ಹೊಡೀದಂಗೆ ಹಿಂದೆ ಒಂದು ಪುಟ್ಟ ಚಕ್ರನೂ ಬೇಕು, ಅದೂ ಮರೆತಿದ್ದೆ. ಇದೆಲ್ಲ ಬಿಡಿ, ಒಂದು ಸಂಜೆ ಕೂತು ಸರಿಮಾಡಿದೆ.

ಸೀಟು ಮಾತ್ರ ಸರಿಮಾಡೋಕೆ ಆಗ್ಲಿಲ್ಲ, ಅಷ್ಟೊತ್ತಿಗೆ ಕೆಲಸ ಕೆಟ್ಟಿತ್ತು. ಪ್ಲೈವುಡ್ ಮೇಲೆ ಪ್ಯಾಕಿಂಗ್ ಬಾಕ್ಸಲ್ಲಿ ಬಂದ ಸ್ಪಂಜ್, ಮೇಲೆ ರೆಕ್ಸಿನ್. ಕೈಯಲ್ಲಿ ಅದುಮಿದ್ರೆ ಮೆತ್ತಗೇ ಇತ್ತು. ಆಡುವಾಗ ಮೈ ಅಲ್ಲಾಡ್ಬಾರ್ದು ಅಂತ ಸೀಟಿನ ಹಿಂಭಾಗ ತಗ್ಗಿಸಿದ್ದೆ, ಅಂದ್ರೆ ಇರೋ ಭಾರ ಎಲ್ಲ ಹೋಗಿ ಕೂರೋ ಮೂಳೆ ಮೇಲೇ ಬಿತ್ತು. ನಾನು ದಿನಾ ಕೇಳ್ತಿದ್ದೆ, "ಎಲ್ಲಾದ್ರೂ ಒತ್ತುತ್ತಾ?" ಅಂತ. "ಇಲ್ಲ ಕಣೋ, ಸೂಪರ್ ಆಗಿದೆ" ಅಂತಿದ್ದ. ಗೊತ್ತಾಗದೇ ಇರೋ ಜಾಗದ ಬಗ್ಗೆ ಅವನನ್ನೇ ಕೇಳಿ ಟಿಕ್ ಹಾಕ್ಕೊಂಡು ಕೂತಿದ್ದ ನನ್ನ ತಲೆಗೆ ಏನು ಹೇಳ್ಬೇಕು!

ಎರಡನೇ ವಾರ ಅವರಮ್ಮ ಫೋನ್ ಮಾಡಿದ್ರು, "ಏನಪ್ಪಾ, ಆ ಸೀಟಲ್ಲಿ ಏನಿಟ್ಟಿದ್ದೀಯ, ಚಡ್ಡಿಗೆ ರಕ್ತ ಆಗಿದೆ". ಓಡಿ ಹೋಗಿ ರೆಕ್ಸಿನ್ ಬಿಚ್ಚಿ ನೋಡ್ತೀನಿ, ಸ್ಪಂಜ್ ಎರಡು ಕಡೆ ರೊಟ್ಟಿ ಥರ ಚಪ್ಪಟೆ ಆಗಿದೆ, ಎಡಗಡೆ ಗುಂಡಿ ತಳದಲ್ಲಿ ಒಂದು ಸ್ಕ್ರೂ ತಲೆ ಪಳಪಳ ಅಂತಿದೆ. ಅವನಿಗೆ ಹುಣ್ಣಾಗಿದ್ದೂ ಎಡಗಡೆನೇ. ಮೇಲೆ ನೋಡೋಕೆ ಚಿಕ್ಕದು, ಒಳಗೆ ಆಳ ಇದೆ ಅಂದ್ರು ಡಾಕ್ಟ್ರು. ಆಟ ಬಿಡಿ, ಮೂರು ತಿಂಗಳು ಕೂರೋ ಹಾಗೇ ಇರ್ಲಿಲ್ಲ, ಬೋರಲು ಮಲಗಿ ಮೊಬೈಲ್ ನೋಡ್ತಿದ್ದ.

ಈಗ ಯಾರಿಗೆ ಮಾಡಿದ್ರೂ ಅವರನ್ನ ಕೂರಿಸಿ, ಅವರನ್ನ ಕೇಳಿಯೇ, ಕುಶನ್ ಅಡಿಗೆ ಅಂಗೈ ಮೇಲೆ ಮಾಡಿ ತೂರಿಸ್ತೀನಿ. ಮೂಳೆಗೂ ನನ್ನ ಕೈಗೂ ಮಧ್ಯೆ ಎರಡೂವರೆ ಸೆಂಟಿಮೀಟರ್ ಆದ್ರೂ ದಪ್ಪ ಉಳೀಬೇಕು, ಇಲ್ಲಾಂದ್ರೆ ಆ ಕುಶನ್ ಬೇಡ. ಸ್ಟ್ರ್ಯಾಪ್ ಬಕಲ್ ಚರ್ಮಕ್ಕೆ ತಾಗೋ ಕಡೆನೂ ಕೈ ಆಡಿಸಿ ನೋಡಿ. ಮೊದಲ ದಿನ ಅರ್ಧ ಗಂಟೆ ಸಾಕು, ಇಳಿದ್ಮೇಲೆ ಕನ್ನಡಿಲೋ ಮನೆಯವರ ಹತ್ರನೋ ಚರ್ಮ ನೋಡಿಸ್ಲಿ, ಇನ್ನರ್ಧ ಗಂಟೆ ಆದ್ರೂ ಕೆಂಪು ಹೋಗಿಲ್ಲ ಅಂದ್ರೆ ಆ ಸೀಟಲ್ಲಿ ಮತ್ತೆ ಕೂರಿಸ್ಬೇಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಲ್ಲ, ಮುಟ್ಟಿ ಬಿಸಿಯೋ ಗಟ್ಟಿಯೋ ನೋಡ್ಬೇಕು.

ಫ್ರೇಮ್ ಈಗ್ಲೂ ಇದೆ, ಅದರ ಮೇಲೆ ಅವನ ಗಾಳಿ ಕುಶನ್ನೇ ಹಾಕಿದ್ದೀವಿ, ಅದರ ದುಡ್ಡು ಉಳಿಸೋಕೆ ಹೋಗಿಯೇ ಅಲ್ವಾ ನಾನು ಸ್ಪಂಜ್ ಹಾಕಿದ್ದು.