ಹೈ ಮ್ಯೂಸಿಯಂ ಸ್ಟ್ಯಾಂಪ್: ಬಿಳಿ ಬಿಲ್ಡಿಂಗ್‌ಗೆ ಕಪ್ಪುಬಿಳುಪು ಫೋಟೋನೇ ಸರಿ

ಅಮೆರಿಕದ ಅಂಚೆ ಇಲಾಖೆ 2005ರಲ್ಲಿ ಆಧುನಿಕ ಕಟ್ಟಡಗಳ ಮೇಲೆ 12 ಸ್ಟ್ಯಾಂಪ್‌ಗಳ ಒಂದು ಶೀಟ್ ತಂದಿತ್ತಲ್ಲ, ಒಂದೊಂದೂ 37 ಸೆಂಟ್‌ದು, ಅದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಅಟ್ಲಾಂಟಾದ ಹೈ ಮ್ಯೂಸಿಯಂ ಆಫ್ ಆರ್ಟ್. ರಿಚರ್ಡ್ ಮೇಯರ್ ಡಿಸೈನ್, 1983ರಲ್ಲಿ ಓಪನ್ ಆಯ್ತು, ಮರುವರ್ಷನೇ ಅವ್ರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಕೆಲವರು ಇದನ್ನ ಪೋಸ್ಟ್‌ಮಾಡರ್ನ್ (ಹಳೇ ಕಟ್ಟಡಗಳ ಆಕಾರ, ಅಲಂಕಾರನ ಆಟದ ಥರ ಮತ್ತೆ ಬಳಸೋ ಶೈಲಿ) ಅಂತಾರೆ, ನಂಗೆ ಒಪ್ಪಿಗೆ ಇಲ್ಲ, ಆ ಲೇಬಲ್ ಅದೇ ಶೀಟ್‌ನಲ್ಲಿರೋ ವೆಂಚುರಿ ಮನೆಗೇ (ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿ ತಮ್ಮ ತಾಯಿಗೆ ಕಟ್ಟಿಸಿದ್ದು) ಸರಿಹೋಗುತ್ತೆ.

ಇಡೀ ಸೆಟ್ ಕಪ್ಪುಬಿಳುಪು ಫೋಟೋಗಳಲ್ಲೇ ಇದೆ, ಅದೇ ಇದರ ದೊಡ್ಡ ಪ್ಲಸ್, ಯಾಕಂದ್ರೆ ಬಿಳಿ ಎನಾಮೆಲ್ ಪ್ಯಾನೆಲ್ ಹೊದಿಸಿರೋ ಬಿಲ್ಡಿಂಗ್‌ಗೆ ಬಣ್ಣಕ್ಕಿಂತ ನೆರಳು ಬೆಳಕೇ ಮುಖ್ಯ ಅಲ್ವಾ. ನ್ಯೂಯಾರ್ಕ್‌ನ ಗುಗನ್‌ಹೈಮ್ ಮ್ಯೂಸಿಯಂ ಕೂಡ ಇದೇ ಶೀಟ್‌ನಲ್ಲಿದೆ, ಎರಡನ್ನೂ ಜೊತೆಗಿಟ್ಟು ನೋಡಿ: ಗುಗನ್‌ಹೈಮ್‌ನಲ್ಲಿ ಇಳಿಜಾರು ದಾರೀಲೇ ಚಿತ್ರ ನೋಡ್ತಾ ನಡೀಬೇಕು, ಹೈನಲ್ಲಿ ಮೇಯರ್ ಇಳಿಜಾರನ್ನ ಓಡಾಡೋಕೆ ಮಾತ್ರ ಇಟ್ಟು ಚಿತ್ರಗಳಿಗೆ ಪಕ್ಕದಲ್ಲಿ ಬೇರೆ ಗ್ಯಾಲರಿ ಮಾಡಿದಾರೆ.

ಸೈಜ್ ಮಾತ್ರ ಚಿಕ್ಕದಾಯ್ತು, ಪ್ಯಾನೆಲ್‌ಗಳ ಗೆರೆ ನೋಡೋಕೆ ಭೂತಗನ್ನಡಿ ಬೇಕೇ ಬೇಕು. ಬಿಡಿ ಸ್ಟ್ಯಾಂಪ್ ತಗೋಬೇಡಿ, ಪೂರ್ತಿ ಶೀಟೇ ತಗೊಳ್ಳಿ.